ತುಲಾ ಮಳೆ, ಎರುಮೇಲಿ ಕಾಡುದಾರಿ: ಓದುಗರ ಪ್ರಶ್ನೆಗೆ ಗುರುಸ್ವಾಮಿಗಳ ಉತ್ತರ

ಪ್ರಶ್ನೆ: ಗುರುಸ್ವಾಮಿಗಳೇ, ಈ ಸಲ ಶಬರಿಮಲೆ ಯಾತ್ರೆಗೆ ನಾವು ಏಳು ಮಂದಿ ಎರುಮೇಲಿಯಿಂದ ಪಂಪೆಗೆ ಕಾಡುದಾರಿಯಲ್ಲಿ ನಡೆದೇ ಹೋಗುವವರು. ಮಾಲೆ ಹಾಕುವ ಹೊತ್ತಿಗೆ ನಮ್ಮಲ್ಲಿ ಮಳೆ ಬಿಟ್ಟಿರುತ್ತದೆ. ಆದರೂ ಮಳೆಗೆಂದು ತಯಾರಿ ಬೇಕೇ?
– ಓದುಗರು, ಬದಿಯಡ್ಕ

ಉತ್ತರ: ಬೇಕು ಸ್ವಾಮಿ. ಕಾಸರಗೋಡಿನವರು ಮೋಸಹೋಗುವುದು ಇಲ್ಲಿಯೇ. ವೃಶ್ಚಿಕ ಸಂಕ್ರಮಣದ (ನವೆಂಬರ್ ನಡುವಿನ) ಹೊತ್ತಿಗೆ ನಮ್ಮ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ತುಲಾ ಮಳೆಯ, ಎಂದರೆ ಹಿಂಗಾರಿನ, ಬಲವೆಲ್ಲ ತೆಂಕಣ ಕೇರಳದಲ್ಲಿ. ಕೋಟ್ಟಯಂ, ಪತ್ತನಂತಿಟ್ಟದ ಬೆಟ್ಟಗಳಲ್ಲಿ ಅದು ಡಿಸೆಂಬರಿನಲ್ಲೂ ಸುರಿಯುವುದುಂಟು. ಬೆಳಗ್ಗೆ ತಿಳಿಬಿಸಿಲು, ಮಧ್ಯಾಹ್ನ ಕಳೆದ ಮೇಲೆ ಮೋಡ ಕಟ್ಟಿ ಗುಡುಗು ಸಿಡಿಲು: ಹೆಚ್ಚಿನ ದಿನಗಳ ಕ್ರಮ ಇದು.

ಆದ್ದರಿಂದ ಮೊದಲ ತಯಾರಿ ಹೊತ್ತಿನದು. ಎರುಮೇಲಿಯಲ್ಲಿ ಪೇಟೆತುಳ್ಳಲ್ (ಮೈಗೆ ಬಣ್ಣ ಬಳಿದು ಕುಣಿಯುವ ಆಚರಣೆ) ಮುಗಿಸಿ ಪೇರೂರುತೋಡು, ಕಾಳಕೆಟ್ಟಿ ದಾಟಿ ಅಳುದೆಯ ದಡದಲ್ಲಿ ರಾತ್ರಿ ತಂಗಿ. ಅಲ್ಲಿಂದ ಪಂಪೆಗೆ ಸುಮಾರು 18 ಕಿ.ಮೀ., ಪೆರಿಯಾರ್ ಹುಲಿ ರಕ್ಷಿತಾರಣ್ಯದ ದಾರಿ. ಅರಣ್ಯ ಇಲಾಖೆಯವರು ಬೆಳಗ್ಗೆ ಬಿಟ್ಟೊಡನೆ ಹೊರಟು ಅಳುದಾಮೇಡು, ಕಲ್ಲಿಡುಂಕುನ್ನು, ಮುಕ್ಕುಳಿ ದಾಟಿ, ಮಳೆ ಹಿಡಿಯುವ ಮೊದಲೇ ಕರಿಮಲೆಯ ನೆತ್ತಿ ಕಳೆಯಲು ನೋಡಿ. ಮುಕ್ಕುಳಿಗೆ ಮುಟ್ಟುವಾಗಲೇ ತಡವಾಗಿದ್ದರೆ ಅಲ್ಲೇ ಉಳಿಯುವುದು ಮೇಲು. ಅದು ಆನೆ ಓಡಾಡುವ ಕಾಡು. ಮಳೆಯ ಸದ್ದಿನಲ್ಲಿ ನಿಮ್ಮ ಶರಣಂ ವಿಳಿ (ಶರಣು ಕೂಗು) ಆನೆಗೆ ಕೇಳಿಸದು, ಆನೆ ಕೊಂಬೆ ಮುರಿಯುವುದು ನಿಮಗೂ ಕೇಳಿಸದು.

ಜೋರು ಮಳೆಗೆ ದಾರಿ ಮುಚ್ಚಿದರೆ ಇಲಾಖೆಯವರೊಡನೆ ವಾದ ಬೇಡ. ನಿಲಕ್ಕಲ್ ಮೂಲಕ ಬಸ್ಸಿನಲ್ಲಿ ಪಂಪೆಗೆ ಹೋಗಿ. ಅದರಿಂದ ವ್ರತಕ್ಕೆ ಕುಂದಿಲ್ಲ.

ಪ್ರಶ್ನೆ: ಬರಿಗಾಲು ನೆನೆದು ಅಂಗಾಲಿನ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ ಸುಲಿದುಬರುತ್ತದೆ. ಏನು ಮಾಡಬೇಕು? ನನಗೆ ಸಕ್ಕರೆ ಕಾಯಿಲೆಯೂ ಇದೆ.
– ಓದುಗರು, ಪೆರ್ಲ

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಬರಿಗಾಲಲ್ಲಿ ಕಾಡುದಾರಿ ಹಿಡಿಯಲೇಬೇಡಿ. ಮುಳ್ಳು ಹೊಕ್ಕದ್ದು ತಿಳಿಯುವುದಿಲ್ಲ, ನಡೆಯುತ್ತಲೇ ಇರುತ್ತೀರಿ, ತಿಳಿಯುವಷ್ಟರಲ್ಲಿ ಕೀವು. ವೈದ್ಯರಿಗೆ ಪಾದ ತೋರಿಸಿ. ಅವರು ಪಾದರಕ್ಷೆ ಬೇಕೆಂದರೆ ಹಾಕಿಕೊಳ್ಳಿ. ಅಯ್ಯಪ್ಪನಿಗೆ ನಿಮ್ಮ ಕಾಲು ಹೋಗಬೇಕೆಂದಿಲ್ಲ.

ಉಳಿದವರಿಗೆ: ಸುಲಿಯುವುದು ನಡಿಗೆಯಿಂದಷ್ಟೇ ಅಲ್ಲ, ನೆನೆದದ್ದು ಒಣಗದೆ ಇರುವುದರಿಂದ. ನೀರು ಕುಡಿದು ಮೆತ್ತಗಾದ ಚರ್ಮ ಕಲ್ಲಿನ ಉಜ್ಜಾಟ ತಾಳದು. ಎರಡು ಗಂಟೆಗೊಮ್ಮೆ ಗುಂಪಾಗಿ ಹತ್ತು ನಿಮಿಷ ಕೂತು, ಒಣ ಬಟ್ಟೆಯಿಂದ ಬೆರಳ ಸಂದು ಸಂದು ಒರೆಸಿ. ಇದಕ್ಕೆಂದೇ ಒಂದು ತೆಳು ಬೈರಾಸನ್ನು (ಟವೆಲನ್ನು) ನೆನೆಯದಂತೆ ಕಟ್ಟಿಡಿ. ಬೆಳಗ್ಗೆ ಹೊರಡುವ ಮೊದಲು ಹಿಮ್ಮಡಿಗೂ ಬೆರಳ ಸಂದಿಗೂ ವ್ಯಾಸಲೀನ್ ದಪ್ಪಗೆ ಹಚ್ಚಿ. ರಾತ್ರಿ ಹಾಗಲ್ಲ: ಸಾಬೂನಿನಲ್ಲಿ ತೊಳೆದು, ಒಣಗಿಸಿ, ಏನೂ ಹಚ್ಚದೆ ಗಾಳಿಗೆ ಬಿಡಿ. ಬೊಬ್ಬೆ ಎದ್ದರೆ ಮೇಲಿನ ತೊಗಲು ಕೀಳಬೇಡಿ, ಅದೇ ಅದರ ಮುಚ್ಚಳ.

ವ್ರತದ 41 ದಿನಗಳಲ್ಲಿ ದಿನಕ್ಕೆ ಒಂದು ಗಂಟೆ ಬರಿಗಾಲಲ್ಲಿ ಮುರಕಲ್ಲಿನ ಗುಡ್ಡ ಹತ್ತಿಳಿಯಿರಿ. ಡಾಂಬರು ರಸ್ತೆಯ ನಡಿಗೆ ಈ ಅಭ್ಯಾಸಕ್ಕೆ ಬಾರದು.

ಪ್ರಶ್ನೆ: ಕರಿಮಲೆ ಇಳಿಯುವಾಗ ಜಾರಿ ಬೀಳುವವರೇ ಹೆಚ್ಚಂತೆ. ಕೊಡೆ ಒಳ್ಳೆಯದೋ, ಮಳೆಕೋಟೋ?
– ಓದುಗರು, ಮುಳ್ಳೇರಿಯ

ಉತ್ತರ: ಕೋಟು. ಒಂದು ಕೈ ತಲೆಯ ಮೇಲಿನ ಇರುಮುಡಿ ಗಂಟಿಗೆ, ಇನ್ನೊಂದು ಕೋಲಿಗೆ. ಕೊಡೆಗೆ ಮೂರನೆಯ ಕೈ ಇಲ್ಲ. ಕೋಟು ಮೊಣಕಾಲಿಗಿಂತ ಕೆಳಗೆ ಬಂದರೆ ಇಳಿಯುವಾಗ ಅದನ್ನೇ ಮೆಟ್ಟಿ ಬೀಳುತ್ತೀರಿ.

ಹತ್ತುವಾಗ ಉಸಿರು ಕಟ್ಟುತ್ತದೆ, ಇಳಿಯುವಾಗ ಕಾಲು ಸೋತಿರುತ್ತದೆ. ಸೋತ ಕಾಲು ಬ್ರೇಕ್ ಹಿಡಿಯದು. ಅದಕ್ಕೆ ನೆತ್ತಿಯಲ್ಲಿ ಅರ್ಧ ಗಂಟೆ ಕೂತು, ಅವಲಕ್ಕಿ ಬೆಲ್ಲ ತಿಂದು, ನೀರು ಕುಡಿದೇ ಇಳಿಯಿರಿ. ಆದರೆ ಗುಡುಗು ಕೇಳಿದರೆ ಅಲ್ಲಿ ಕೂರಬೇಡಿ. ಹೆಜ್ಜೆ ಗಿಡ್ಡ ಇರಲಿ. ಮೊದಲು ಕೋಲು ಕೆಳಗೆ ಊರಿ, ಅದು ನಿಂತ ಮೇಲೆ ಕಾಲು. ಒದ್ದೆ ಬೇರನ್ನು, ಪಾಚಿಗಲ್ಲನ್ನು ಮೆಟ್ಟದೆ ಅವುಗಳ ನಡುವಿನ ಮಣ್ಣಿನಲ್ಲಿ ಕಾಲಿಡಿ. ಕಡಿದಾದ ಕಡೆ ಪಾದ ಅಡ್ಡ ತಿರುಗಿಸಿ ಇಳಿಯಿರಿ. ಮುಂದಿನವರಿಗೂ ನಿಮಗೂ ಎರಡು ಆಳಿನ ಅಂತರವಾದರೂ ಬೇಕು, ಇಲ್ಲದಿದ್ದರೆ ಒಬ್ಬರು ಜಾರಿ ನಾಲ್ವರು ಬೀಳುತ್ತಾರೆ. ಕೋಲು ಸೊಂಟಕ್ಕಿಂತ ತುಸು ಎತ್ತರವಿರಲಿ. ಹೆಗಲಚೀಲ ಐದು ಕಿಲೋ ಮೀರದಿರಲಿ. ಒದ್ದೆ ಪಂಚೆ, ಒದ್ದೆ ಹೊದಿಕೆ ಸೇರಿದರೆ ಅದೇ ಏಳಾಗುತ್ತದೆ.

ಪ್ರಶ್ನೆ: ಇರುಮುಡಿ ನೆನೆಯದಿರಲು ಪ್ಲಾಸ್ಟಿಕ್ ಸುತ್ತಬಹುದೇ?
– ಓದುಗರು, ಮಂಜೇಶ್ವರ

ಉತ್ತರ: ಬೇಡ. ಶಬರಿಮಲೆಯಲ್ಲಿ ಪ್ಲಾಸ್ಟಿಕ್ ನಿಷೇಧ. ಕಾಡಿನಲ್ಲಿ ಬಿಸಾಡಿದ್ದು ಆನೆ, ಕಡವೆಗಳ ಹೊಟ್ಟೆ ಸೇರುತ್ತದೆ. ಮಳೆಕೋಟಿನ ಬಟ್ಟೆಯಲ್ಲಿ ಇರುಮುಡಿಯ ಅಳತೆಗೆ ಒಂದು ಗವಸು ಹೊಲಿಸಿಕೊಳ್ಳಿ, ವರ್ಷ ವರ್ಷಕ್ಕೂ ಆಗುತ್ತದೆ. ಕುಂಕುಮ, ಅರಸಿನ ಪುಟ್ಟ ಸ್ಟೀಲ್ ಕರಡಿಗೆಗಳಲ್ಲಿರಲಿ. ತುಪ್ಪ ತುಂಬಿದ ತೆಂಗಿನಕಾಯಿಗೆ ಮಳೆಯ ಭಯವಿಲ್ಲ, ಒಳಗಿನ ನೀರಿನದೇ ಭಯ: ಎಳನೀರು ಪೂರ್ತಿ ಬಸಿದು, ಕಣ್ಣು ಕೆಳಗಾಗಿ ಇಟ್ಟು ಆರಿಸದಿದ್ದರೆ ತುಪ್ಪ ಕಮಟುತ್ತದೆ. ಬಿರಡೆ ಹಾಕಿದ ಮೇಲೆ ಮೇಣದಿಂದ ಸುತ್ತ ಮುಚ್ಚಿ.

ಪ್ರಶ್ನೆ: ಇಂಬಳಕ್ಕೆ (ಜಿಗಣೆಗೆ) ಮದ್ದೇನು?
– ಓದುಗರು, ಕುಂಬಳೆ

ಉತ್ತರ: ಕೋಲಿನ ತುದಿಗೆ ಉಪ್ಪಿನ ಗಂಟು. ಕಚ್ಚಿದ ಕಡೆ ಮುಟ್ಟಿಸಿದರೆ ಬಿಡುತ್ತದೆ. ಬೆಂಕಿ ತಾಗಿಸಬೇಡಿ, ಎಳೆಯಬೇಡಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಗೊಡದ್ದರಿಂದ ತುಂಬ ಹೊತ್ತು ಸೋರುತ್ತದೆ. ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ.

ಪ್ರಶ್ನೆ: ಮಗ ಮಳೆಯಲ್ಲಿ ಕಾಡುದಾರಿ ನಡೆದು ಬಂದಿದ್ದಾನೆ. ಈಗ ಜ್ವರ, ಮೀನಖಂಡದಲ್ಲಿ ನೋವು. ದಣಿವಿನದೇ ಇರಬಹುದೇ?
– ಒಬ್ಬ ತಾಯಿ, ನೀರ್ಚಾಲು

ಉತ್ತರ: ಅಮ್ಮಾ, ದಣಿವಿನದೆಂದು ಕಾಯಬೇಡಿ. ಈ ಪುಟ ಓದಿದೊಡನೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲಿ ಮೂತ್ರ ಬೆರೆತ ಕೆಸರು ನೀರು ಅಂಗಾಲಿನ ಗಾಯದಿಂದ ಒಳಹೊಕ್ಕರೆ ಇಲಿಜ್ವರ ಬರಬಹುದು. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಾಣುತ್ತದೆ: ಜ್ವರ, ತಲೆನೋವು, ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೆಂಪು. ಬೇಗ ಹಿಡಿದರೆ ಗುಣವಾಗುವ ರೋಗ, ತಡವಾದರೆ ಮೂತ್ರಪಿಂಡಕ್ಕೂ ಯಕೃತ್ತಿಗೂ ಏರುತ್ತದೆ. ಬರಿಗಾಲಲ್ಲಿ ಕೆಸರಿನಲ್ಲಿ ನಡೆದದ್ದನ್ನು ವೈದ್ಯರು ಕೇಳುವ ಮೊದಲೇ ಹೇಳಿ.

ಇನ್ನು ಹೊರಡುವವರು ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆಯ ಬಗ್ಗೆ ಕೇಳಿ. ದೊಡ್ಡವರಿಗೆ ಸಾಮಾನ್ಯವಾಗಿ ವಾರಕ್ಕೊಮ್ಮೆ 200 ಮಿಲಿಗ್ರಾಂ, ಊಟವಾದ ಮೇಲೆ. ಮಕ್ಕಳಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಧನುರ್ವಾಯು ತಡೆಯುವ ಇಂಜೆಕ್ಷನ್ ಬಾಕಿಯಿದ್ದರೆ ಅದೇ ದಿನ ಹಾಕಿಸಿಕೊಳ್ಳಿ.