ಸಹಿ ಹಾಕುವ ಮುನ್ನ ಓದಿಸಿಕೊಳ್ಳಿ

ಚೆಕ್ ದೇಶದ ಓಸ್ಟ್ರಾವಾಕ್ಕೆ ಹೊಸದಾಗಿ ಬಂದಿದ್ದೀರಿ. ಪಕ್ಕದ ಮನೆಯ ರೋಮಾ ದಂಪತಿ (ರೋಮಾ ಎಂದರೆ ಶತಮಾನಗಳ ಹಿಂದೆ ಭಾರತದಿಂದ ಯೂರೋಪಿಗೆ ಹೋದ ಜನ), ಮಗಳನ್ನು ಬುದ್ಧಿಮಾಂದ್ಯ ಮಕ್ಕಳ ತರಗತಿಗೆ ಹಾಕಿದ್ದಕ್ಕೆ ನೇರ ಸ್ಟ್ರಾಸ್‌ಬರ್ಗ್‌ನ ಯೂರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಬರೆಯುತ್ತಾರಂತೆ. ಅದು ಆಗುವ ಮಾತೇ, ನಮ್ಮ ಮಗನ ಶಾಲೆಯ ಗತಿ ಏನು, ಬಾಡಿಗೆ, ಚಳಿ ಹೇಗೆ ಎಂದು ಕೇಳಿದ್ದೀರಿ.

ಬಾಡಿಗೆ ಪ್ರಾಗ್‌ಗಿಂತ ಕಡಿಮೆ. ಚಳಿಗೆ ಒಳ್ಳೆಯ ಬೂಟು ಕೊಳ್ಳಿ, ಅಷ್ಟು ಸಾಕು.

ಶಾಲೆಯ ವಿಷಯ ಹಾಗಲ್ಲ. ಮೇಷ್ಟ್ರು ತೋರಿಸಿದ ಕಡೆ ಸಹಿ ಹಾಕುವುದು ನಮ್ಮವರ ರೂಢಿ, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಚೆಕ್ ಭಾಷೆ ಬಾರದ ಮೊದಲ ದಿನಗಳಲ್ಲಿ ನಾನೂ ಹಾಗೇ ಹಾಕಿದೆ. ಅದು ಇವತ್ತಿಗೂ ಚುಚ್ಚುತ್ತದೆ. ಇದೇ ಊರಿನ 18 ರೋಮಾ ಮಕ್ಕಳು 2000ದಲ್ಲಿ ಸ್ಟ್ರಾಸ್‌ಬರ್ಗ್‌ಗೆ ಹೋದಾಗ ಸರ್ಕಾರ ಹಿಡಿದದ್ದೂ ಆ ಸಹಿಯನ್ನೇ: ಬುದ್ಧಿಮಾಂದ್ಯ ಮಕ್ಕಳ ‘ವಿಶೇಷ ಶಾಲೆ’ಗೆ ತಂದೆತಾಯಿಯೇ ಒಪ್ಪಿದ್ದರಲ್ಲ ಎಂದು. ರೋಮಾ ಮಗು ಅಂಥ ಶಾಲೆ ಸೇರುವ ಸಾಧ್ಯತೆ ಉಳಿದವರಿಗಿಂತ 27 ಪಟ್ಟು ಹೆಚ್ಚು ಎಂಬ ಲೆಕ್ಕ ಮುಂದಿಟ್ಟರೂ 2006ರಲ್ಲಿ ಸೋತರು. 2007ರ ನವೆಂಬರ್ 13ರಂದು ಅದೇ ನ್ಯಾಯಾಲಯದ ಹೆಚ್ಚು ನ್ಯಾಯಾಧೀಶರ ಮಹಾಪೀಠ 13–4 ಮತಗಳಲ್ಲಿ ಅವರ ಪರ ತೀರ್ಪು ಕೊಟ್ಟಿತು. ಏನನ್ನು ಬಿಟ್ಟುಕೊಡುತ್ತಿದ್ದೇವೆಂದು ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ, ತಾರತಮ್ಯಕ್ಕೆ ಒಳಗಾಗದ ಹಕ್ಕನ್ನು ಸಹಿ ಹಾಕಿ ಕಳೆದುಕೊಳ್ಳಲೂ ಆಗದು ಎಂದಿತು. ತಲಾ 4,000 ಯೂರೋ ಪರಿಹಾರ ಸಿಕ್ಕಿತು. ಆದರೆ ಏಳು ವರ್ಷ ಕಳೆದಿತ್ತು, ಮಕ್ಕಳು ಬೆಳೆದುಬಿಟ್ಟಿದ್ದರು.

ನಿಮ್ಮ ನೆರೆಯವರು ಸ್ಟ್ರಾಸ್‌ಬರ್ಗ್‌ಗೆ ನೇರ ಬರೆದರೆ ಅರ್ಜಿ ತಿರಸ್ಕಾರವಾಗುತ್ತದೆ. ಮೊದಲು ಈ ದೇಶದ ಬಾಗಿಲುಗಳನ್ನೆಲ್ಲ ತಟ್ಟಬೇಕು: ಆ ತರಗತಿಗೆ ಹಾಕಿದ ಆದೇಶದಲ್ಲಿ ನಮೂದಿಸಿದ ಗಡುವಿನೊಳಗೆ ಮೇಲ್ಮನವಿ, ಆಮೇಲೆ ನ್ಯಾಯಾಲಯ, ಕೊನೆಗೆ ಬ್ರ್ನೋದ ಸಾಂವಿಧಾನಿಕ ನ್ಯಾಯಾಲಯ. ಅಲ್ಲಿಗೆ ಎರಡು ತಿಂಗಳ ಗಡುವು, ವಕೀಲರು ಕಡ್ಡಾಯ. ತಾರತಮ್ಯದ ಮಾತನ್ನು ಇಲ್ಲೇ ಎತ್ತಿರಬೇಕು. ಸ್ಟ್ರಾಸ್‌ಬರ್ಗ್‌ನಲ್ಲಿ ಮೊದಲ ಸಲ ಎತ್ತಿದರೆ ಕೇಳುವುದಿಲ್ಲ. ಮಗುವಿನ ಪರೀಕ್ಷಾ ವರದಿಯ ಪ್ರತಿಯನ್ನು ಈಗಲೇ ಪಡೆಯಲಿ.

ಇಲ್ಲಿನ ಕೊನೆಯ ತೀರ್ಪು ಬಂದ ಮೇಲೆ ಸ್ಟ್ರಾಸ್‌ಬರ್ಗ್‌ಗೆ ಬರೆಯಲು ಇರುವುದು ನಾಲ್ಕೇ ತಿಂಗಳು. ಮೊದಲು ಆರಿತ್ತು, 2022ರ ಫೆಬ್ರವರಿಯಿಂದ ಇಳಿಸಿದ್ದಾರೆ. ಹಳೆಯ ಲೆಕ್ಕ ನಂಬಿ ಕೂತರೆ ಮುಗಿಯಿತು. ಶುಲ್ಕವಿಲ್ಲ, ಅರ್ಜಿ ಚೆಕ್ ಭಾಷೆಯಲ್ಲೇ ಇರಬಹುದು. ನ್ಯಾಯಾಲಯದ ಅಧಿಕೃತ ನಮೂನೆಯನ್ನೇ ತುಂಬಿ ಅಂಚೆಯಲ್ಲಿ ಕಳಿಸಬೇಕು, ಅಂಚೆ ಮುದ್ರೆಯ ದಿನವೇ ಲೆಕ್ಕಕ್ಕೆ. ವಕೀಲರಿದ್ದರೆ ಅಧಿಕಾರಪತ್ರದ ಭಾಗದಲ್ಲಿ ಇಬ್ಬರ ಮೂಲ ಸಹಿಯೂ ಬೇಕು. ತೀರ್ಪುಗಳ ನಕಲು ಇಡಿ, ಮೂಲ ಪ್ರತಿ ಬೇಡ, ಹಿಂದಿರುಗಿಸುವುದಿಲ್ಲ. ಒಂದು ಕಾಲಂ ಖಾಲಿ ಬಿಟ್ಟರೂ ಅರ್ಜಿ ದಾಖಲಾಗದೆ ಹೋದೀತು, ಅಷ್ಟರಲ್ಲಿ ಗಡುವು ಓಡುತ್ತಿರುತ್ತದೆ. ಮೂರನೇ ತಿಂಗಳೊಳಗೇ ಕಳಿಸಿದರೆ ತಿದ್ದಿ ಮತ್ತೆ ಹಾಕಲು ಸಮಯ ಉಳಿಯುತ್ತದೆ.

ಆ ದಂಪತಿಗೆ ನೆರವಾಗಿ, ಖಂಡಿತ ಆಗಿ. ಅವರು ನೀರಿಗೆ ‘ಪಾನಿ’ ಎನ್ನುವುದು ಕಿವಿಗೆ ಬಿದ್ದರೆ ಭಾರತದ ಯಾವುದೋ ಬೀದಿಯಲ್ಲಿ ನಿಂತಂತಾಗುತ್ತದೆ. ನಿಮ್ಮ ಮಗನ ಶಾಲೆಯಿಂದ ಬರುವ ಪ್ರತಿ ಕಾಗದವನ್ನೂ ಮನೆಗೆ ತನ್ನಿ, ಚೆಕ್ ಬಲ್ಲವರಿಂದ ಓದಿಸಿ, ಆಮೇಲೆ ಪೆನ್ನು ತೆಗೆಯಿರಿ.