ರೋಗಾಣುವಿಗೆ ದಾರಿ ಮಾಡಿಕೊಟ್ಟವರು ಯಾರು?

"ಕಾಯಿಲೆ ತರುವುದು ರೋಗಾಣು, ಇದರಲ್ಲಿ ರಾಜಕೀಯ ಎಲ್ಲಿಂದ ಬಂತು?" ಎಂದು ಕೇಳಿದ್ದೀರಿ. ನರ್ಸಿಂಗ್ ಓದುತ್ತಿರುವ ನೀವು ಇದನ್ನು ಕೇಳಿದ್ದು ನನಗೆ ನಿಜಕ್ಕೂ ಖುಷಿ ತಂದಿತು.

ಅಮೆರಿಕದ ಫ್ಲಿಂಟ್ ನಗರವನ್ನೇ ನೋಡಿ. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲೆಂದು ಅಲ್ಲಿ ಕುಡಿಯಲು ಫ್ಲಿಂಟ್ ನದಿಯ ನೀರನ್ನು ಹರಿಸಿದರು. ಆಗ ಊರಿನ ಆಡಳಿತ ಇದ್ದದ್ದು ಜನ ಆರಿಸಿದವರ ಕೈಯಲ್ಲಲ್ಲ, ರಾಜ್ಯ ಸರ್ಕಾರ ನೇಮಿಸಿದ ಅಧಿಕಾರಿಯ ಕೈಯಲ್ಲಿ. ಕೊಳವೆ ಸವೆಯದಂತೆ ನೀರಿಗೆ ಬೆರೆಸಬೇಕಾದ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಕೊಳವೆಗಳ ಸೀಸ ನೀರಿಗಿಳಿಯಿತು. ಜನ ನಲ್ಲಿಯ ಕಂದು ನೀರನ್ನು ಬಾಟಲಿಯಲ್ಲಿ ಹಿಡಿದು ತಂದು ತೋರಿಸಿದರು. ನೀರು ಚೆನ್ನಾಗಿದೆ ಎಂದೇ ಅಧಿಕಾರಿಗಳು ಹೇಳುತ್ತಾ ಹೋದರು! ಸೀಸ ಮಗುವಿನ ಮಿದುಳಿಗೆ ಮಾಡಿದ ಹಾನಿಯನ್ನು ಯಾವ ಔಷಧಿಯೂ ಸರಿಪಡಿಸಲಾರದು. ಆ ಊರಿನಲ್ಲಿ ಕಪ್ಪು ಜನರೇ ಹೆಚ್ಚು, ಬಡತನವೂ ಹೆಚ್ಚು. ಅವರ ದೂರು ಯಾರ ಕಿವಿಗೂ ಬೀಳದಿದ್ದುದಕ್ಕೆ ಇದೂ ಕಾರಣ ಎಂದು ನಾನು ನಂಬುತ್ತೇನೆ.

ನೀವು ಹೇಳುವ ರೋಗಾಣುವೂ ಅಲ್ಲಿತ್ತು. ಅದೇ ಅವಧಿಯಲ್ಲಿ ನೀರಿನಲ್ಲಿ ಬೆಳೆಯುವ ಲೀಜನೆಲ್ಲಾ ಬ್ಯಾಕ್ಟೀರಿಯಾದಿಂದ ನ್ಯುಮೋನಿಯಾ ಹರಡಿ ಕನಿಷ್ಠ 12 ಮಂದಿ ತೀರಿಕೊಂಡರು.

ಕಾಯಿಲೆಗೂ ರಾಜಕೀಯಕ್ಕೂ ನಂಟಿದೆ ಎಂಬುದು ಹೊಸ ಮಾತೂ ಅಲ್ಲ. 1848ರಲ್ಲಿ ಆಗಿನ ಜರ್ಮನ್ ರಾಜ್ಯವಾದ ಪ್ರಶ್ಯಾದ ಸರ್ಕಾರ, ಹೇನಿನಿಂದ ಹರಡುವ ಟೈಫಸ್ ಜ್ವರದ ಕಾರಣ ಹುಡುಕಲು ರುಡಾಲ್ಫ್ ವಿರ್ಚೋ ಎಂಬ ಯುವ ವೈದ್ಯನನ್ನು ತನ್ನ ಬಡ ಪ್ರಾಂತ್ಯವಾದ ಮೇಲಿನ ಸೈಲೀಸಿಯಾಕ್ಕೆ ಕಳಿಸಿತು. ಅವನು ಬರೆದುಕೊಟ್ಟ ಮದ್ದು: ಪ್ರಜಾಪ್ರಭುತ್ವ, ಶಿಕ್ಷಣ, ನ್ಯಾಯವಾದ ತೆರಿಗೆ.

ಮುಂದೆ ವಾರ್ಡಿನಲ್ಲಿ ರೋಗಿಯ ಚಾರ್ಟ್ ಬರೆಯುವಾಗ, ಅವರ ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂದೂ ಕೇಳಿ ನೋಡಿ.