ಓದುಗರ ಪ್ರಶ್ನೆ: ಎಚ್‌ಡಿ ವಿಡಿಯೊ ಡಿವಿಡಿಗೆ ಇಳಿಸುವಾಗ

ಪ್ರಶ್ನೆ: ಮಗಳ ಮದುವೆಯ ಎಚ್‌ಡಿ ವಿಡಿಯೊ 28 ಜಿಬಿ ಇದೆ, ಒಟ್ಟು 2 ಗಂಟೆ 40 ನಿಮಿಷ. ಊರಲ್ಲಿ ಹಿರಿಯರ ಮನೆಗಳಲ್ಲಿ ಇನ್ನೂ ಡಿವಿಡಿ ಪ್ಲೇಯರ್‌ಗಳಿವೆ, ಡಿಸ್ಕ್ ಮಾಡಿಕೊಡಬೇಕು. 4.7 ಜಿಬಿಗೆ ಕುಗ್ಗಿಸಿದರೆ ಧಾರೆಯ ಹೊತ್ತಿಗೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಯಾಕೆ? (ಓದುಗರು, ಶಿವಮೊಗ್ಗ)

ಉತ್ತರ: 28 ಜಿಬಿಯನ್ನು ಮರೆತುಬಿಡಿ. ಡಿವಿಡಿಗೆ ಬೇಕಾದದ್ದು ನಿಮಿಷದ ಲೆಕ್ಕ. ಡಿಸ್ಕ್‌ನಲ್ಲಿ ಸುಮಾರು 37,600 ಮೆಗಾಬಿಟ್ ಜಾಗವಿದೆ. ಅದನ್ನು ನಿಮ್ಮ 9,600 ಸೆಕೆಂಡಿಗೆ ಭಾಗಿಸಿದರೆ ಸೆಕೆಂಡಿಗೆ 3.9 ಮೆಗಾಬಿಟ್. ಧ್ವನಿಗೆ 0.2, ಪ್ಯಾಕಿಂಗ್‌ಗೆ (ಚಿತ್ರ, ಧ್ವನಿಗಳನ್ನು ಒಟ್ಟಿಗೆ ಕಟ್ಟಿಡಲು) ಶೇ 4ರಷ್ಟು ಕಳೆಯಿರಿ, ಚಿತ್ರದ ಪಾಲಿಗೆ ಉಳಿಯುವುದು 3.5.

ಮಾತಾಡುತ್ತಾ ಕೂತವರ ದೃಶ್ಯಕ್ಕೆ ಇಷ್ಟು ಸಾಕು. ಧಾರೆಗೆ ಸಾಲದು. ಡಿವಿಡಿಯಲ್ಲಿ ಚಿತ್ರವನ್ನು ಕುಗ್ಗಿಸಿಡುವ ವಿಧಾನ ಎಂಪೆಗ್-2. ಅದು ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದಿಲ್ಲ. ಹಿಂದಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಡುತ್ತದೆ. ಹತ್ತು ಕ್ಯಾಮೆರಾಗಳ ಫ್ಲ್ಯಾಶ್ ಒಟ್ಟಿಗೆ ಮಿಂಚಿದರೆ ಇಡೀ ಫ್ರೇಮೇ ವ್ಯತ್ಯಾಸ. ಅದರ ಮೇಲೆ ನಾಲ್ಕೂ ಕಡೆಯಿಂದ ಬೀಳುವ ಅಕ್ಷತೆ, ಒಂದೊಂದು ಕಾಳಿಗೂ ಒಂದೊಂದು ದಾರಿ. ಬಿಟ್ ಸಾಲದೆ ಚೌಕಗಳು ಎದ್ದು ಕಾಣುತ್ತವೆ.

ಎರಡು ಡಿಸ್ಕ್ ಮಾಡಿ: ಮುಹೂರ್ತ ಒಂದರಲ್ಲಿ, ಆರತಕ್ಷತೆ ಇನ್ನೊಂದರಲ್ಲಿ. 80 ನಿಮಿಷಕ್ಕೆ ಒಂದು ಡಿಸ್ಕ್ ಸಿಕ್ಕರೆ ಚಿತ್ರಕ್ಕೆ ಧಾರಾಳವಾಗಿ 7 ಮೆಗಾಬಿಟ್ ಕೊಡಬಹುದು. ಎನ್‌ಕೋಡಿಂಗ್ (ಕುಗ್ಗಿಸುವ ಕೆಲಸ) ಟು-ಪಾಸ್, ಅಂದರೆ ಎರಡು ಸುತ್ತಿನದಿರಲಿ. ಮೊದಲ ಸುತ್ತಿನಲ್ಲಿ ಕಷ್ಟದ ಜಾಗಗಳನ್ನು ಗುರುತಿಸಿಕೊಂಡು, ಎರಡನೆಯದರಲ್ಲಿ ಅಲ್ಲಿಗೆ ಹೆಚ್ಚು ಬಿಟ್ ಹಂಚುತ್ತದೆ. ನಿಯಮದಂತೆ ಚಿತ್ರದ ಗರಿಷ್ಠ ಮಿತಿ 9.8 ಆದರೂ 8.5ಕ್ಕೆ ನಿಲ್ಲಿಸಿ. ಬರ್ನ್ ಮಾಡಿದ ಡಿಸ್ಕ್‌ನಲ್ಲಿ ಅದರಾಚೆ ಹೋದರೆ ಹಳೆಯ ಪ್ಲೇಯರ್‌ಗಳು ತಡವರಿಸುತ್ತವೆ. ಧ್ವನಿ ಎಸಿ3 (ಕುಗ್ಗಿಸಿದ ಧ್ವನಿಯ ಮಾದರಿ), 48 ಕಿಲೋಹರ್ಟ್ಜ್, 192 ಕಿಲೋಬಿಟ್ ಇದ್ದರೆ ನಾದಸ್ವರಕ್ಕೇನೂ ಮೋಸವಿಲ್ಲ. ಪಿಸಿಎಂ (ಕುಗ್ಗಿಸದ ಧ್ವನಿ) ಆರಿಸಿದರೆ ಧ್ವನಿಯೊಂದೇ 1.5 ಮೆಗಾಬಿಟ್ ನುಂಗುತ್ತದೆ.

ಹಲವರು ಮೊದಲು ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಸಣ್ಣ ಎಂಪಿ4 ಮಾಡಿ ಅದನ್ನು ಡಿವಿಡಿಗೆ ಹಾಕುತ್ತಾರೆ. ಬೇಡ. ಅದು ಒಮ್ಮೆ ಹಿಂಡಿದ್ದನ್ನು ಮತ್ತೆ ಹಿಂಡಿದ ಹಾಗೆ. ಮೂಲ ಫೈಲಿನಿಂದ ನೇರವಾಗಿ ಎಂಪೆಗ್-2ಗೆ ಒಂದೇ ಸಲ ಹೋಗಿ. ಅಳತೆ 720×576, ಸೆಕೆಂಡಿಗೆ 25 ಫ್ರೇಮ್. 16:9 ಎಂದು ಗುರುತು ಹಾಕುವುದನ್ನು ಮರೆತರೆ ವಧೂವರರು ಬಡಕಲಾಗಿ ಕಾಣುತ್ತಾರೆ.

ಪ್ರಶ್ನೆ: ಬಿಟ್‌ರೇಟ್ (ಸೆಕೆಂಡಿಗೆ ಸಿಗುವ ಬಿಟ್) ಸಾಕಷ್ಟಿದೆ. ಆದರೂ ಟಿವಿಯಲ್ಲಿ ನಡೆದಾಡುವವರ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಕ್ಯಾಮೆರಾ 1080, 50ಐ. (ಓದುಗರು, ಹಾಸನ)

ಉತ್ತರ: 50ಐ ಎಂದರೆ ಸೆಕೆಂಡಿಗೆ 50 ಅರ್ಧ ಚಿತ್ರಗಳು (ಫೀಲ್ಡ್‌ಗಳು): ಒಂದರಲ್ಲಿ ಬೆಸ ಗೆರೆಗಳು, ಮುಂದಿನದರಲ್ಲಿ ಸಮ ಗೆರೆಗಳು. ಇವನ್ನು ಬಿಡಿಸದೆಯೇ 1080 ಗೆರೆಯಿಂದ 576ಕ್ಕೆ ಇಳಿಸಿದರೆ ಎರಡು ಕ್ಷಣಗಳ ಗೆರೆಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಆಮೇಲೆ ಯಾವ ಪ್ಲೇಯರ್ರೂ ಬಿಡಿಸಲಾರದು.

ಸರಿಯಾದ ಕ್ರಮ ಹೀಗೆ: ಮೊದಲು ಡಿಇಂಟರ್‌ಲೇಸ್ ಮಾಡಿ, ಅಂದರೆ ಹೆಣೆದ ಗೆರೆಗಳನ್ನು ಬಿಡಿಸಿ, 50 ಪೂರ್ಣ ಫ್ರೇಮ್ ಪಡೆಯಿರಿ (25 ಅಲ್ಲ, ಚಲನೆಯ ನಯ ಅಲ್ಲೇ ಹೋಗುತ್ತದೆ), ಆಮೇಲೆ ಗಾತ್ರ ಇಳಿಸಿ, ಕೊನೆಗೆ ಮತ್ತೆ ಇಂಟರ್‌ಲೇಸ್ ಮಾಡಿ (ಗೆರೆಗಳನ್ನು ಹೆಣೆಯಿರಿ). ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಲ್ಲಿ ಮೂರಕ್ಕೂ ಫಿಲ್ಟರ್‌ಗಳಿವೆ. ಎಚ್‌ಡಿಯಲ್ಲಿ ಮೇಲಿನ ಫೀಲ್ಡ್ ಮೊದಲು ಬರುತ್ತದೆ, ಹಳೆಯ ಮಿನಿ ಡಿವಿ ಟೇಪ್‌ನಲ್ಲಿ ಕೆಳಗಿನದು. ಅದಲುಬದಲಾದರೆ ನಡೆಯುವವರು ಎರಡು ಹೆಜ್ಜೆ ಮುಂದಿಟ್ಟು ಒಂದು ಹಿಂದಿಟ್ಟಂತೆ ಅದುರುತ್ತಾರೆ. ಕಂಪ್ಯೂಟರ್ ತೆರೆಯಲ್ಲಿ ಇದು ಎಷ್ಟೋ ಸಲ ಗೊತ್ತಾಗುವುದಿಲ್ಲ. ಪ್ರದಕ್ಷಿಣೆಯ ಒಂದು ನಿಮಿಷವನ್ನು ಆರ್‌ಡಬ್ಲ್ಯು ಡಿಸ್ಕ್‌ಗೆ (ಅಳಿಸಿ ಮತ್ತೆ ಬರೆಯಬಹುದಾದದ್ದು) ಹಾಕಿ ಟಿವಿಯಲ್ಲೇ ನೋಡಿ. ರೇಷ್ಮೆ ಸೀರೆಯ ಜರಿ ಅಂಚು ಮಿಣಮಿಣ ಎನ್ನುತ್ತಿದ್ದರೆ, ಇಂಟರ್‌ಲೇಸ್ ಮಾಡುವಾಗ ಸಣ್ಣ ಗೆರೆಗಳನ್ನು ಕೊಂಚ ಮೆದುವಾಗಿಸುವ ಲೋ-ಪಾಸ್ ಫಿಲ್ಟರ್ ಆನ್ ಮಾಡಿ.

ಬಣ್ಣದ ಕಡೆಗೂ ಗಮನವಿರಲಿ. ಎಚ್‌ಡಿಯ ಬಣ್ಣದ ಸೂತ್ರ 709, ಡಿವಿಡಿಯದು 601. ಬದಲಾಯಿಸದಿದ್ದರೆ ಸೀರೆಯ ಕೆಂಪು ಮಂಕಾಗಿ, ಮಂಟಪದ ಬಾಳೆಕಂದು ಬೇಡದಷ್ಟು ಹೊಳೆಯುತ್ತದೆ.

ಪ್ರಶ್ನೆ: ಮೊಬೈಲ್‌ನಲ್ಲಿ ತೆಗೆದ ನಾಮಕರಣದ ವಿಡಿಯೊ. ಅರ್ಧ ಗಂಟೆಯಾಗುವಷ್ಟರಲ್ಲಿ ತುಟಿಗೂ ಮಾತಿಗೂ ಹೊಂದುವುದಿಲ್ಲ. ಅಮೆರಿಕದಲ್ಲಿರುವ ಅಕ್ಕನಿಗೂ ಒಂದು ಪ್ರತಿ ಬೇಕು. (ಓದುಗರು, ಧಾರವಾಡ)

ಉತ್ತರ: ಬೆಳಕು ಕಡಿಮೆಯಾದಾಗ ಮೊಬೈಲ್ ತಾನಾಗಿ ಫ್ರೇಮ್‌ಗಳನ್ನು ಕಡಿಮೆ ಮಾಡುತ್ತದೆ. ಈ ಏರಿಳಿತವನ್ನು ಗಮನಿಸದ ತಂತ್ರಾಂಶದಲ್ಲಿ ಚಿತ್ರ ಒಂದು ಕಡೆ, ಧ್ವನಿ ಒಂದು ಕಡೆ. ಎಡಿಟ್ ಮಾಡುವ ಮುನ್ನವೇ ಸ್ಥಿರ ಫ್ರೇಮ್ ದರಕ್ಕೆ ತನ್ನಿ. ಹ್ಯಾಂಡ್‌ಬ್ರೇಕ್ ಉಪಯೋಗಕ್ಕೆ ಬರುವುದು ಇಲ್ಲಿ. ಆದರೆ ಗುಣಮಟ್ಟದ ಅಂಕೆ 16ರ ಆಸುಪಾಸಿರಲಿ (ಅಂಕೆ ಇಳಿದಷ್ಟೂ ಚಿತ್ರ ಚೆನ್ನ), ಫೈಲ್ ದೊಡ್ಡದಾದರೆ ಆಗಲಿ.

ಮೊಬೈಲ್ 30 ಫ್ರೇಮ್‌ನಲ್ಲಿ ತೆಗೆದಿದ್ದರೆ ಡಿಸ್ಕನ್ನು ಎನ್‌ಟಿಎಸ್‌ಸಿಯಲ್ಲೇ (ಅಮೆರಿಕದ ಟಿವಿ ಮಾದರಿ) ಮಾಡಿ, 720×480, 29.97 ಫ್ರೇಮ್. 25ಕ್ಕೆ ಇಳಿಸಿದರೆ ಪ್ರತಿ ಆರನೆಯ ಫ್ರೇಮ್ ಬಿದ್ದು ಚಿತ್ರ ಜಗ್ಗುತ್ತದೆ. ನಮ್ಮ ಪ್ಲೇಯರ್‌ಗಳಲ್ಲಿ ಹೆಚ್ಚಿನವು ಎರಡನ್ನೂ ಓದುತ್ತವೆ. ಅಮೆರಿಕದ ಬಹಳಷ್ಟು ಪ್ಲೇಯರ್‌ಗಳಿಗೆ ಪಾಲ್ (ನಮ್ಮ 25 ಫ್ರೇಮ್‌ನ ಮಾದರಿ) ಆಗಿಬರುವುದಿಲ್ಲ. ಅಕ್ಕನಿಗೂ ಅದೇ ಪ್ರತಿ ಕಳಿಸಿ.

ಪ್ರಶ್ನೆ: ಕಂಪ್ಯೂಟರ್‌ನಲ್ಲಿ ಓಡುವ ಡಿಸ್ಕ್ ಪ್ಲೇಯರ್‌ನಲ್ಲಿ ತೆರೆಯುವುದೇ ಇಲ್ಲ. (ಓದುಗರು, ತುಮಕೂರು)

ಉತ್ತರ: ಎಂಪಿ4 ಫೈಲನ್ನು ಹಾಗೇ ಎಳೆದು ಹಾಕಿದ್ದೀರಿ ಅನಿಸುತ್ತದೆ. ಅದು ಡೇಟಾ ಡಿಸ್ಕ್, ಪ್ಲೇಯರ್‌ಗೆ ಬೇಕಾದ ಡಿವಿಡಿ-ವಿಡಿಯೊ ಅಲ್ಲ. ಡಿವಿಡಿಸ್ಟೈಲರ್‌ನಂಥ ತಂತ್ರಾಂಶದಲ್ಲಿ ಐಎಸ್‌ಒ (ಇಡೀ ಡಿಸ್ಕ್‌ನ ಪ್ರತಿಯಿರುವ ಒಂದೇ ಫೈಲ್) ತಯಾರಿಸಿ, ಇಮ್‌ಗ್‌ಬರ್ನ್‌ನಲ್ಲಿ ಬರೆಯಿರಿ. ವೆರಿಫೈ (ಬರೆದದ್ದು ಸರಿಯಿದೆಯೇ ಎಂಬ ಪರೀಕ್ಷೆ) ಗುರುತು ತೆಗೆಯಬೇಡಿ. 16ಎಕ್ಸ್ ಡಿಸ್ಕ್‌ಗೆ 8ಎಕ್ಸ್ ವೇಗ ಸಾಕು, ತೀರಾ 1ಎಕ್ಸ್‌ಗೆ ಇಳಿಸಿ ಲಾಭವಿಲ್ಲ. ಮೇಲೆ ಕಾಗದದ ಲೇಬಲ್ ಅಂಟಿಸಿದ್ದರೆ ಅದೂ ಕಾರಣವಿರಬಹುದು: ಭಾರ ಒಂದು ಕಡೆ ವಾಲಿ ಡಿಸ್ಕ್ ತಿರುಗುವಾಗ ನಡುಗುತ್ತದೆ. ಹೆಸರನ್ನು ಮಾರ್ಕರ್ ಪೆನ್ನಿನಲ್ಲಿ ನಡುವಿನ ತೂತಿನ ಸುತ್ತ ಬರೆಯಿರಿ.